ಪರ್ತ್‌ನಲ್ಲಿ ಹಾರ ಹಾಕಿಸಿಕೊಂಡ ಅಮೆರಿಕದ ರಾಜಕಾರಣಿ

ಕಳೆದ ವರ್ಷ ನವೆಂಬರ್‌ನ ಎರಡನೆಯ ಶನಿವಾರ ಮಧ್ಯಾಹ್ನ, ಪರ್ತ್‌ನ ಮೋರ್ಲಿ ಬಳಿಯ ಸಭಾಂಗಣವೊಂದರಲ್ಲಿ, ಹತ್ತೊಂಬತ್ತನೆಯ ಶತಮಾನದ ಅಮೆರಿಕದ ರಾಜಕಾರಣಿಯೊಬ್ಬನ ಭಾವಚಿತ್ರಕ್ಕೆ ನಮ್ಮ ಕನ್ನಡ ಸಂಘದ ಅಧ್ಯಕ್ಷರು ಹಾರ ಹಾಕಿದರು. ಹಾರ ಪ್ಲಾಸ್ಟಿಕ್ ಮಲ್ಲಿಗೆಯದು. ಎಡಕ್ಕೆ ಭುವನೇಶ್ವರಿಯ ಚಿತ್ರ, ಬಲಕ್ಕೆ ಈ ಮನುಷ್ಯ. ಹೊಗೆ ಎದ್ದರೆ ಅಲಾರಂ ಕೂಗುತ್ತದೆಂದು ದೀಪವನ್ನೂ ಬ್ಯಾಟರಿಯದೇ ತಂದಿದ್ದರು. ಜನ ಚಪ್ಪಾಳೆ ತಟ್ಟಿದರು. ಚಿತ್ರದಲ್ಲಿದ್ದವನು ಯಾರೆಂದು ಚಪ್ಪಾಳೆ ತಟ್ಟಿದವರಿಗೆ ಗೊತ್ತಿರಲಿಲ್ಲ. ಹಾರ ಹಾಕಿದವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದವರು ಇಬ್ಬರೇ: ಅವನ ಪರಿಚಯವನ್ನು ಎರಡು ಪುಟದಲ್ಲಿ ಬರೆದುಕೊಟ್ಟ ನಾನು, ಮತ್ತು ಅದನ್ನು ಮೈಕಿನಲ್ಲಿ ಓದಲಿದ್ದ ನಿರೂಪಕಿ.

ನಾನು ಬೆಂಗಳೂರಿನ ಕನ್ನಡ ದಿನಪತ್ರಿಕೆಯೊಂದರಲ್ಲಿ ಬಹಳ ವರ್ಷ ಸುದ್ದಿ ತಿದ್ದುತ್ತಿದ್ದೆ. ನರ್ಸ್ ಆಗಿರುವ ಹೆಂಡತಿಗೆ ಕೆಲಸ ಸಿಕ್ಕ ಊರುಗಳಿಗೆಲ್ಲ ಹೋದೆ. ಮೊದಲು ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್, ಆಮೇಲೆ ಅಡಿಲೇಡ್, ಈಗ ಪರ್ತ್. ಮೋರ್ಲಿಯ ಮಾಲ್‌ನಲ್ಲಿ ಬೂಟು ಮಾರುತ್ತೇನೆ. ಅಧ್ಯಕ್ಷರೂ ಇದೇ ಮೂರು ಊರು ದಾಟಿ ಬಂದವರು. ಆದ್ದರಿಂದ ಅವರ ಸಾರ್ವಜನಿಕ ಜೀವನದ ಮೂರೂ ಅಧ್ಯಾಯಗಳನ್ನು ನಾನು ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ನೋಡಿದ್ದೇನೆ.

ಬ್ರಿಸ್ಬೇನ್‌ನಲ್ಲಿ ಅವರು ಅಲ್ಲಿನ ಸಂಘದ ಕಾರ್ಯದರ್ಶಿ. ಮೈಸೂರಿನ ಎಂಜಿನಿಯರ್, ಒಳ್ಳೆಯ ಅಂಗಿ ತೊಡುವವರು, ಫೋಟೋ ತೆಗೆಯುವ ಹೊತ್ತಿಗೆ ಎಲ್ಲಿದ್ದರೂ ಮಧ್ಯಕ್ಕೆ ಬರುವ ಕಲೆ ಬಲ್ಲವರು. ಯುಗಾದಿಯ ಕರೆಯೋಲೆಯಲ್ಲಿ ಖಜಾಂಚಿಯ ಹೆಸರು ತಮ್ಮ ಹೆಸರಿನ ಮೇಲೆ ಬಂತೆಂದು ಕರೆಯೋಲೆಯನ್ನೇ ಮತ್ತೆ ಅಚ್ಚು ಹಾಕಿಸಿದ್ದರು. ಆ ಯುಗಾದಿಯ ದಿನ ಒಬ್ಬಟ್ಟು ಸಾಲದೆ ಹೋಯಿತು. ಆ ಬಗ್ಗೆ ಅವರು ಏನೂ ಹೇಳಿದ ನೆನಪಿಲ್ಲ.

ಅಡಿಲೇಡ್‌ಗೆ ಬಂದವರು ಇದ್ದ ಸಂಘ ಬಿಟ್ಟು ಇನ್ನೊಂದು ಸಂಘ ಕಟ್ಟಿದರು. ಹಳೆಯ ಸಂಘದಲ್ಲಿ ಕನ್ನಡದ ಶುದ್ಧತೆ ಹಾಳಾಗಿದೆ ಎಂಬುದು ಅವರು ಕೊಟ್ಟ ಕಾರಣ. ಅಲ್ಲಿ ಅಧ್ಯಕ್ಷಗಿರಿ ಸಿಗಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಕಾರಣ. ಹೊಸ ಸಂಘದ ಮೊದಲ ಸಭೆಯಲ್ಲೇ ಒಂದು ನಿಯಮ ತಂದರು. ಕಾರ್ಯಕಾರಿ ಸಮಿತಿಗೆ ಬರುವವರ ಮನೆಮಾತು ಕನ್ನಡವಾಗಿರಬೇಕು, ಮತ್ತು ಅವರು ಊರಿಗೆ ಬಂದು ಐದು ವರ್ಷವಾಗಿರಬೇಕು. ಆ ವರ್ಷ ಕರಾವಳಿಯ ಕೆಲವು ಕ್ಯಾಥೊಲಿಕ್ ಕುಟುಂಬಗಳು ಗಲ್ಫ್‌ನಿಂದ ಅಡಿಲೇಡ್‌ಗೆ ಬಂದಿದ್ದವು. ನಿಯಮ ಯಾರಿಗಾಗಿ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಆ ಕುಟುಂಬಗಳ ಪೈಕಿ ಒಬ್ಬ ಮಹಿಳೆ ಸಮಿತಿಗೆ ಅರ್ಜಿ ಹಾಕಿದ್ದರು. ಉಡುಪಿ ಕಡೆಯವರು. ಕನ್ನಡ ಮಾಧ್ಯಮದಲ್ಲಿ ಓದಿ, ಊರಿನ ಶಾಲೆಯಲ್ಲಿ ಕನ್ನಡ ಕಲಿಸಿ, ಮದುವೆಯಾಗಿ ಮಸ್ಕತ್‌ಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದವರು. ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಮೇಲ್ವಿಚಾರಕಿ. ಅವರ ಧ್ವನಿಗೆ ಮೈಕ್ ಬೇಕಿರಲಿಲ್ಲ. ಸಭೆಯಲ್ಲಿ ಅಧ್ಯಕ್ಷರು ಅವರನ್ನು ಕೇಳಿದರು.

"ಮನೇಲಿ ಏನ್ ಮಾತಾಡ್ತೀರಾ ಮೇಡಂ?"

"ಕೊಂಕಣಿ."

"ಅದೇ ನೋಡಿ ಮತ್ತೆ."

"ಎಂತ ಅದೇ ನೋಡಿ? ನಿಮ್ಮ ಮಕ್ಕಳು ಮನೆಯಲ್ಲಿ ಎಂತ ಮಾತಾಡುದು ಸರ್?"

ಜನ ನಕ್ಕರು. ಅಧ್ಯಕ್ಷರ ಇಬ್ಬರು ಮಕ್ಕಳು ಅದೇ ಹೊತ್ತಿಗೆ ಕೋಣೆಯ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು. ಆದರೂ ನಿಯಮ ಪಾಸಾಯಿತು. ನಕ್ಕವರೇ ಕೈ ಎತ್ತಿದರು. ಆ ಮಹಿಳೆ ತಾವು ತಂದಿದ್ದ ನೀರ್‌ದೋಸೆಯ ಡಬ್ಬವನ್ನು ಮುಚ್ಚಳ ತೆಗೆಯದೆ ವಾಪಸ್ ಒಯ್ದರು.

ಕೆಲವು ವರ್ಷಗಳ ನಂತರ ಅವರ ಗಂಡನಿಗೆ ಪಶ್ಚಿಮದ ಗಣಿಯೊಂದರಲ್ಲಿ ಕೆಲಸ ಸಿಕ್ಕಿ ಕುಟುಂಬ ಪರ್ತ್‌ಗೆ ಬಂತು. ನನ್ನ ಹೆಂಡತಿಯ ಆಸ್ಪತ್ರೆ ಬದಲಾಗಿ ನಾವೂ ಬಂದೆವು. ಅಧ್ಯಕ್ಷರು ಆಗಲೇ ಪರ್ತ್ ಸಿಟಿಯ ಗಣಿ ಕಂಪನಿಯೊಂದರ ಕಚೇರಿಯಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್, ಮತ್ತು ಇಲ್ಲಿನ ಸಂಘದ ಅಧ್ಯಕ್ಷ. ಇಲ್ಲಿ ಅವರು ಶುದ್ಧತೆಯ ಮಾತೆತ್ತಲಿಲ್ಲ. ಮೊದಲ ಭಾಷಣದಲ್ಲೇ "ನಮ್ಮ ಕರಾವಳಿಯ ಬಂಧುಗಳು" ಎಂದರು. ಕಾರಣ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಅವರಿಗೆ ರಾಜ್ಯ ಶಾಸನಸಭೆಗೆ ನಿಲ್ಲಬೇಕಿತ್ತು. ಒಂದು ಪಕ್ಷದ ಟಿಕೆಟ್ ಹತ್ತಿರ ಬಂದಿತ್ತು. ಟಿಕೆಟ್ ತೀರ್ಮಾನಿಸುವ ಸಮಿತಿಗೆ ಬೇಕಿದ್ದುದು ಇಷ್ಟೇ: ಈ ಮನುಷ್ಯನ ಹಿಂದೆ ಭಾರತೀಯರೆಲ್ಲರೂ ಇದ್ದಾರೆಯೇ, ಅಥವಾ ಇವರ ಜಾತಿಯ ನಾಲ್ಕು ಮನೆ ಮಾತ್ರವೇ? ಅದನ್ನು ಕಣ್ಣಾರೆ ನೋಡಲು ಸಮಿತಿಯ ಸದಸ್ಯೆಯೊಬ್ಬರು ರಾಜ್ಯೋತ್ಸವಕ್ಕೆ ಬರುತ್ತಾರೆಂದು ಗೊತ್ತಾಯಿತು. ಕರಾವಳಿಯ ಕುಟುಂಬಗಳು ಮುಂದಿನ ಸಾಲುಗಳಲ್ಲಿ ಕಾಣಬೇಕಿತ್ತು. ನಿರೂಪಣೆಯನ್ನು ಆ ಉಡುಪಿಯ ಮಹಿಳೆಗೇ ಒಪ್ಪಿಸಿದರು.

"ಒಪ್ಪಿಕೊಂಡ್ರಾ?" ಎಂದು ನಾನು ಅವರನ್ನು ಕೇಳಿದೆ. ಬೂಟು ಕೊಳ್ಳಲು ಅಂಗಡಿಗೆ ಬಂದಿದ್ದರು.

"ನನಗೆ ಮೈಕ್ ಅಂದ್ರೆ ಇಷ್ಟ ಮಾರಾಯ್ರೆ. ಜನ ಬೇರೆ, ಮೈಕ್ ಬೇರೆ."

ಅಮೆರಿಕದವನು ಇದರಲ್ಲಿ ಬಂದದ್ದು ಹೀಗೆ. ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರು ಬ್ರಿಸ್ಬೇನ್‌ಗೆ ಹೋಗಿ ವಾರಾಂತ್ಯದ ನಾಯಕತ್ವ ತರಬೇತಿಯೊಂದರಲ್ಲಿ ಕುಳಿತು ಬಂದರು. ಅಲ್ಲಿನ ತರಬೇತುದಾರ ಹಳೆಯ ಕಾಲದ ಮುತ್ಸದ್ದಿಗಳ ಚಿತ್ರವಿದ್ದ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ, ನಿಮ್ಮ ಆದರ್ಶವನ್ನು ಆರಿಸಿಕೊಳ್ಳಿ, ಇನ್ನು ಮುಂದೆ ಪ್ರತಿ ಭಾಷಣದಲ್ಲೂ ಅವರ ಕಥೆ ಹೇಳಿ ಎಂದನಂತೆ. ದೊಡ್ಡ ಹೆಸರುಗಳನ್ನು ಬೇರೆಯವರು ಎತ್ತಿಕೊಂಡಿದ್ದರು. ಇವರಿಗೆ ಸಿಕ್ಕವನಿಗೆ ಒಳ್ಳೆಯ ಗಡ್ಡವಿತ್ತು. ಕಾರ್ಡಿನ ಹಿಂದೆ ನಾಲ್ಕು ಸಾಲು: ಬಡ ರೈತನ ಮಗ, ಮರದ ದಿಮ್ಮಿಯ ಮನೆಯಲ್ಲಿ ಹುಟ್ಟು, ಸಂಸತ್ ಸದಸ್ಯ, ಕೊನೆಗೆ ಆಸ್ಟ್ರೇಲಿಯಾದಲ್ಲಿ ಅಮೆರಿಕದ ಕಾನ್ಸಲ್.

"ಆಸ್ಟ್ರೇಲಿಯಾ ಕನೆಕ್ಷನ್ ನೋಡಿ ಸರ್!" ಎಂದು ಫೋನ್ ಮಾಡಿದರು. "ಇದಕ್ಕಿಂತ ಇನ್ನೇನ್ ಬೇಕು? ನೀವು ಪತ್ರಿಕೆಯವರು. ಎರಡು ಪುಟ ಪರಿಚಯ ಬರ್ಕೊಟ್ಬಿಡಿ. ಜೀವನ, ಸಾಧನೆ. ನಮ್ ರಾಜ್ಯೋತ್ಸವದಲ್ಲಿ ಓದಿಸ್ತೀನಿ. ಆಮೇಲೆ ನನ್ ಸ್ಪೀಚಲ್ಲಿ ಅವರನ್ನ ಟಚ್ ಮಾಡ್ತೀನಿ."

ಬರೆಯಲು ಒಪ್ಪಿದೆ. ಸಾರ್ವಜನಿಕ ವ್ಯಕ್ತಿಯೊಬ್ಬನ ಬಗ್ಗೆ ಎರಡು ಪುಟ ಬರೆಯುವುದು ನನಗೆ ಬರುವ ಕೆಲಸ, ಮತ್ತು ನನಗೆ ಬರುವ ಕೆಲಸವನ್ನು ಈ ದೇಶದಲ್ಲಿ ಯಾರೂ ಕೇಳಿರಲಿಲ್ಲ. ರಜೆಯ ದಿನಗಳಲ್ಲಿ ಲೈಬ್ರರಿಗೆ ಹೋಗಿ ಕುಳಿತೆ. ಅಮೆರಿಕದ ಹಳೆಯ ಪತ್ರಿಕೆಗಳೆಲ್ಲ ಈಗ ಕಂಪ್ಯೂಟರಿನಲ್ಲಿ ಸಿಗುತ್ತವೆ. ಸತ್ತವರ ಬಗ್ಗೆ ಅವರು ಬದುಕಿದ್ದಾಗ ಬಂದ ಸುದ್ದಿಯನ್ನು ಮೊದಲು ಓದಬೇಕು, ಸತ್ತಾಗ ಬಂದ ಸುದ್ದಿಯನ್ನು ಕೊನೆಗೆ ಓದಬೇಕು ಎಂಬುದು ನಮ್ಮ ಡೆಸ್ಕಿನ ಕ್ರಮ. ಹಾಗೇ ಓದಿದೆ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂಥವರು ಆ ಕಾಲದಲ್ಲಿ ಬೇಕಾದಷ್ಟು ಮಂದಿ ಇದ್ದರು, ಒಬ್ಬನ ಹೆಸರು ಇನ್ನೊಬ್ಬನಿಗೆ ಹೊಂದುತ್ತದೆ. ರೈತನ ಮಗ ಎಂಬುದು ನಿಜ. ಬಡ ರೈತ ಎಂಬುದು ಚುನಾವಣೆಯ ಹೊತ್ತಿಗೆ ಸೇರಿಕೊಂಡದ್ದು. ಸ್ವಲ್ಪ ಕಾಲ ಶಾಲಾ ಮೇಷ್ಟ್ರು, ಆಮೇಲೆ ವಕೀಲ. ಮೊದಲ ಪಕ್ಷದಿಂದ ರಾಜ್ಯ ಶಾಸನಸಭೆಗೆ ಹೋದ. ರೈಲುಹಳಿ ಯಾವ ಊರಿನ ಮೇಲೆ ಹೋಗಬೇಕೆಂದು ಎರಡೂ ಊರಿನವರಿಗೆ ಮಾತು ಕೊಟ್ಟ. ಆ ಪಕ್ಷ ಕುಸಿಯುತ್ತಿದೆ ಎಂದು ಗೊತ್ತಾದ ವಾರವೇ ಎರಡನೆಯ ಪಕ್ಷ ಸೇರಿದ. ಅದು ವಲಸಿಗರ ವಿರುದ್ಧವೇ ಹುಟ್ಟಿದ ಪಕ್ಷ. ಹಡಗಿನಿಂದ ಇಳಿದ ಐರಿಷರು, ಜರ್ಮನರು ದೇಶ ಹಾಳುಮಾಡುತ್ತಿದ್ದಾರೆ, ಕ್ಯಾಥೊಲಿಕರ ನಿಷ್ಠೆ ಪೋಪರಿಗೇ ಹೊರತು ದೇಶಕ್ಕಲ್ಲ ಎಂಬುದು ಅವರ ಒಂದೇ ಪಾಠ. ಹೊರಗಿನಿಂದ ಬಂದವನು ಪೌರತ್ವಕ್ಕೆ ಇಪ್ಪತ್ತೊಂದು ವರ್ಷ ಕಾಯಬೇಕು ಎಂದು ಕೇಳುತ್ತಿದ್ದರು. ಇವನು ಸಂಸತ್ತಿಗೆ ಹೋದದ್ದು ಆ ಅಲೆಯ ಮೇಲೆ. ಇವನ ಭಾಷಣವಾದ ಊರೊಂದರಲ್ಲಿ ಮರುದಿನ ಚರ್ಚಿನ ಕಿಟಕಿ ಒಡೆದವು. ಆ ಬಗ್ಗೆ ಕೇಳಿದಾಗ ತಾನು ಬರೀ ಮಾತಾಡಿ ಬಂದೆ ಎಂದ.

ಆ ಪಕ್ಷವೂ ಮುಳುಗಿತು. ಗುಲಾಮಗಿರಿಯ ವಿರುದ್ಧದ ಪಕ್ಷ ಗೆಲ್ಲುವಂತೆ ಕಂಡಾಗ ಅದನ್ನು ಸೇರಿದ. ಗುಲಾಮರ ಬಗ್ಗೆ ತನಗೇನೂ ಅಭಿಪ್ರಾಯವಿಲ್ಲ ಎಂದು ಅದೇ ವರ್ಷ ಎರಡು ಕಡೆ ಹೇಳಿದ. ಯುದ್ಧ ಬಂದಾಗ ಯುವಕರನ್ನು ಸೈನ್ಯಕ್ಕೆ ಸೇರಿಸುವ ಸಭೆಗಳಲ್ಲಿ ಮುಂದೆ ನಿಂತ, ತಾನು ಮಾತ್ರ ಸೊಂಟನೋವಿನ ಕಾರಣಕ್ಕೆ ಉಳಿದ. ಯುದ್ಧ ಮುಗಿದು ಕರಿಯರಿಗೆ ಮತದ ಹಕ್ಕು ಬಂದಾಗ ಅದು ಅವಸರದ ಕ್ರಮ ಎಂದು ನಾಲ್ಕನೆಯ ಪಕ್ಷಕ್ಕೆ ಹೋಗಿ ಸೋತ. ಆಸ್ಟ್ರೇಲಿಯಾದ ಬಂದರೊಂದಕ್ಕೆ ಕಾನ್ಸಲ್ ಆಗಿ, ಅಂದರೆ ತನ್ನ ದೇಶದ ಹಡಗುಗಳ ಕೆಲಸ ನೋಡಿಕೊಳ್ಳುವ ಸಣ್ಣ ಅಧಿಕಾರಿಯಾಗಿ ಅವನನ್ನು ಕಳುಹಿಸಿದ್ದು ಗೌರವಿಸಲಿಕ್ಕಲ್ಲ. ದೂರ ಇಡಲಿಕ್ಕೆ. ಇಲ್ಲಿನ ಸೆಖೆ ಮತ್ತು ನೊಣದ ಬಗ್ಗೆ ದೂರು ಬರೆದು ವಾಪಸ್ ಹೋದ. ಸತ್ತಾಗ ಊರಿನ ಪತ್ರಿಕೆ ಅವನು ಹಿಡಿದ ಹುದ್ದೆಗಳನ್ನು ಒಂದೊಂದಾಗಿ ಹೆಸರಿಸಿತ್ತು. ಆ ಹುದ್ದೆಗಳಲ್ಲಿ ಕುಳಿತು ಏನು ಮಾಡಿದ ಎಂಬ ಒಂದು ವಾಕ್ಯವೂ ಅದರಲ್ಲಿರಲಿಲ್ಲ. ಓದುತ್ತಿದ್ದಂತೆ ನಮ್ಮ ಸನ್ಮಾನ ಸಮಾರಂಭದ ಕರಪತ್ರ ಓದಿದ ಹಾಗಾಯಿತು.

ಎರಡು ಪುಟ ಬರೆದೆ. ಬೈಗುಳವಿಲ್ಲ, ವ್ಯಾಖ್ಯಾನವಿಲ್ಲ. ಹುಟ್ಟು, ಹುದ್ದೆ, ಹುದ್ದೆಯಲ್ಲಿ ಮಾಡಿದ ಕೆಲಸ. ಕಳುಹಿಸಿ, ಫೋನ್ ಮಾಡಿಯೂ ಹೇಳಿದೆ.

"ಇವನು ವಲಸಿಗರ ವಿರೋಧಿ. ಕ್ಯಾಥೊಲಿಕರ ವಿರೋಧಿ. ನೀವು ಬೇರೆಯವರನ್ನ ಆರಿಸ್ಕೊಳ್ಳೋದು ಒಳ್ಳೇದು."

"ಅವೆಲ್ಲ ಆಗಿನ ಕಾಲ ಸರ್." ರೈಲಿನಲ್ಲಿದ್ದರು, ನಿಲ್ದಾಣದ ಹೆಸರು ಕೂಗುವುದು ಕೇಳುತ್ತಿತ್ತು. "ಫೋಟೋ ಆಗ್ಲೇ ಪ್ರಿಂಟ್‌ಗೆ ಹೋಗಿದೆ. ನೀವ್ ಬರ್ದಿದ್ದು ನೋಡ್ದೆ. ಹೋರಾಟ ಇದೆ, ಪದವಿ ಇದೆ, ವಿದೇಶ ಪ್ರವಾಸ ಇದೆ. ಸೂಪರ್. ಸ್ವಲ್ಪ ಉದ್ದ ಆಯ್ತು, ಕಟ್ ಮಾಡ್ಬಿಟ್ಟೆ."

"ಪೂರ್ತಿ ಓದಿದ್ರಾ?"

"ಸರ್, ನೀವೂ ಎಷ್ಟು ಫಂಕ್ಷನ್ ನೋಡಿದ್ದೀರಾ. ಪರಿಚಯ ಯಾರಾದ್ರೂ ಕೇಳ್ತಾರಾ?"

ಈ ಮಾತು ನಿಜ. ನಮ್ಮ ಸಭೆಗಳಲ್ಲಿ ಪರಿಚಯ ಓದುವ ಹೊತ್ತು ಎಂದರೆ ಗಂಡಸರು ಕಾರ್ ಪಾರ್ಕಿಂಗ್ ಸರಿಮಾಡಲು ಹೊರಗೆ ಹೋಗುವ ಹೊತ್ತು, ಹೆಂಗಸರು ಸೀರೆ ಎಲ್ಲಿ ಕೊಂಡಿರಿ ಎಂದು ಕೇಳುವ ಹೊತ್ತು, ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳ ಎತ್ತಿ ನೋಡುವ ಹೊತ್ತು. ಓದುವವರೂ ಓದಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಕೊನೆಗೆ "ಇಂತಹ ಮಹನೀಯರು" ಎಂದು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಇದನ್ನು ನಂಬಿಯೇ ನಮ್ಮಲ್ಲಿ ಎಷ್ಟೋ ಮಂದಿ ಮಹನೀಯರಾಗಿದ್ದಾರೆ.

ಅಧ್ಯಕ್ಷರು ಕತ್ತರಿಸಿದ ಮೇಲೆ ಉಳಿದದ್ದು ಒಂದು ಪುಟಕ್ಕೂ ಕಡಿಮೆ. ನಾಲ್ಕು ಪಕ್ಷಗಳು "ವಿವಿಧ ವೇದಿಕೆಗಳಲ್ಲಿ ಸೇವೆ" ಆಗಿದ್ದವು. ಸೊಂಟನೋವು ಹೋಗಿತ್ತು, ಚರ್ಚಿನ ಕಿಟಕಿಗಳು ಹೋಗಿದ್ದವು. ಆದರೆ ಒಂದು ವಾಕ್ಯ ಹಾಗೇ ಇತ್ತು: ಹೊರಗಿನಿಂದ ಬಂದವರು ಪೌರತ್ವಕ್ಕೆ ಇಪ್ಪತ್ತೊಂದು ವರ್ಷ ಕಾಯಬೇಕೆಂದೂ, ಕ್ಯಾಥೊಲಿಕರಿಗೆ ಸರ್ಕಾರಿ ಹುದ್ದೆ ಕೊಡಕೂಡದೆಂದೂ ಅವರು ಅವಿರತವಾಗಿ ಹೋರಾಡಿದರು. ಅದು ಏಕೆ ಉಳಿಯಿತೆಂದು ನನಗೆ ಅನುಮಾನವಿಲ್ಲ. ಫೋನಿನ ಪರದೆಯ ಮೇಲೆ ಬೆರಳು ಜಾರಿಸುವವರ ಕಣ್ಣಿಗೆ ಬಿದ್ದದ್ದು ಕೊನೆಯ ಎರಡು ಪದ. ಅವಿರತ ಹೋರಾಟ ಮಾಡಿದವನನ್ನು ಯಾವ ಕನ್ನಡ ಸಂಘದ ಅಧ್ಯಕ್ಷ ತಾನೇ ಕತ್ತರಿಸುತ್ತಾನೆ?

ಹಿಂದಿನ ದಿನ ನಿರೂಪಕಿ ನನಗೆ ಫೋನ್ ಮಾಡಿದರು.

"ಇದು ನೀವು ಬರ್ದದ್ದಾ?"

"ಹೌದು. ಸ್ವಲ್ಪ ಕತ್ತರಿಸಿದ್ದಾರೆ."

"ಈ ಇಪ್ಪತ್ತೊಂದು ವರ್ಷದ್ದು, ನಮ್ಮವರದ್ದು, ಸತ್ಯವಾ?"

"ಸತ್ಯ."

"ಅವರು ನೋಡಿದ್ದಾರಾ?"

"ಓಕೆ ಅಂದಿದ್ದಾರೆ."

"ಗೆಸ್ಟಿಗೆ ಅರ್ಥ ಆಗ್ಬೇಕು, ಪ್ರತಿ ಲೈನೂ ಇಂಗ್ಲಿಷಿನಲ್ಲಿ ಹೇಳಿ ಅಂತ ಅವರೇ ಹೇಳಿದ್ದು ನನಗೆ. ನಾನು ಎಂತ ಮಾಡ್ಬೇಕು?"

"ಓದೋದು ನಿಮ್ಮ ಕೆಲಸ," ಎಂದೆ.

"ಹಾಂ. ಓದುದೇ."

ಶನಿವಾರ ಎಲ್ಲವೂ ಕ್ರಮವಾಗಿ ನಡೆಯಿತು. ಈ ನೆಲದ ಮೂಲನಿವಾಸಿಗಳನ್ನು ನೆನೆಯುವ ಇಲ್ಲಿನ ವಾಡಿಕೆಯ ಸಾಲುಗಳನ್ನು ಅಧ್ಯಕ್ಷರು ಸಂಕಲ್ಪದ ಮಂತ್ರದ ಧಾಟಿಯಲ್ಲಿ ಹೇಳಿ ಮುಗಿಸಿದರು. ನಾಡಗೀತೆಯಾಯಿತು. ಸಮಿತಿಯ ಸದಸ್ಯೆ ಮುಂದಿನ ಸಾಲಿನಲ್ಲಿ ಶಾಲು ಹೊದ್ದು, ಮೈಸೂರು ಪೇಟ ಇಟ್ಟುಕೊಂಡು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಅರವತ್ತರ ಆಸುಪಾಸು, ಬಿಳಿಕೂದಲು, ಎಲ್ಲದಕ್ಕೂ ನಗು. ಅವರ ಹಿಂದೆ ಕರಾವಳಿಯ ಕುಟುಂಬಗಳು, ಅಧ್ಯಕ್ಷರು ಖುದ್ದು ಕೂರಿಸಿದ ಹಾಗೆ. ಹಾರ ಹಾಕಿದ್ದಾಯಿತು. ಪರಿಚಯ ಶುರುವಾಯಿತು, ಗಂಡಸರು ಎದ್ದರು.

ನಿರೂಪಕಿ ಕನ್ನಡದಲ್ಲಿ ಒಂದು ವಾಕ್ಯ ಓದುವುದು, ನಿಲ್ಲುವುದು, ಅತಿಥಿಯ ಕಡೆ ತಿರುಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳುವುದು. ಶಾಲೆಯಲ್ಲಿ ಪಾಠ ಮಾಡಿದವರ ಸ್ಪಷ್ಟತೆ. ಮರದ ದಿಮ್ಮಿಯ ಮನೆಗೆ ಅತಿಥಿ ತಲೆಯಾಡಿಸಿದರು. ಮೇಷ್ಟ್ರ ಕೆಲಸಕ್ಕೂ ಆಡಿಸಿದರು. ಆಮೇಲೆ ಆ ವಾಕ್ಯ ಬಂತು. ಕನ್ನಡದಲ್ಲಿ ಓದಿದಾಗ ಏನೂ ಆಗಲಿಲ್ಲ. ಅಧ್ಯಕ್ಷರು ವೇದಿಕೆಯ ಮೇಲೆ ತಮ್ಮ ಭಾಷಣದ ಹಾಳೆ ನೋಡುತ್ತಿದ್ದರು. ಇಂಗ್ಲಿಷಿನಲ್ಲಿ ಹೇಳಿದಾಗ ಮಕ್ಕಳು ಫೋನಿನಿಂದ ತಲೆ ಎತ್ತಿದರು. ಇಲ್ಲೇ ಹುಟ್ಟಿದ ಈ ಮಕ್ಕಳಿಗೆ ಇಡೀ ಕಾರ್ಯಕ್ರಮದಲ್ಲಿ ತಲುಪಿದ ಮೊದಲ ವಾಕ್ಯ ಅದೇ ಇರಬೇಕು. ಮೂರನೆಯ ಸಾಲಿನಿಂದ ಒಂದು ಹುಡುಗಿ ಗಟ್ಟಿಯಾಗಿಯೇ ಅಂದಳು:

"ಹ್ಯಾಂಗ್ ಆನ್. ದಟ್ಸ್ ಅಸ್!"

ಯಾರೋ ನಕ್ಕರು. ಅವಳ ಅಪ್ಪ "ಶ್" ಎಂದು, ಆಮೇಲೆ ತಾನೇ ಪಕ್ಕದವರನ್ನು "ಏನಂದ್ರು ಈಗ?" ಎಂದು ಕೇಳಿದ. ಹಿಂದಿನ ಸಾಲುಗಳಲ್ಲಿ ಮಾತು ನಿಂತಿತು. ಅಧ್ಯಕ್ಷರು ತಲೆ ಎತ್ತಿದರು. ಸಭೆ ಪರಿಚಯ ಕೇಳುತ್ತಿತ್ತು. ನನಗೆ ನೆನಪಿರುವ ಹಾಗೆ ಅದು ಮೊದಲ ಸಲ.

"ಮೇಡಂ, ನೆಕ್ಸ್ಟ್, ನೆಕ್ಸ್ಟ್," ಎಂದರು ಅಧ್ಯಕ್ಷರು, ಮೈಕಿಗೆ ಕೇಳುವಷ್ಟು ಹತ್ತಿರದಲ್ಲಿ.

"ಇನ್ನು ಸ್ವಲ್ಪ ಉಂಟು ಸರ್. ನೀವೇ ಕೊಟ್ಟದ್ದಲ್ಲವಾ, ಪೂರ್ತಿ ಓದ್ತೇನೆ," ಎಂದರು ನಿರೂಪಕಿ, ಅದೂ ಮೈಕಿನಲ್ಲೇ. ಪೂರ್ತಿ ಓದಿದರು. "ಇಂತಹ ಮಹನೀಯರು ನಮ್ಮ ಅಧ್ಯಕ್ಷರ ಆದರ್ಶ" ಎಂದು ಅಧ್ಯಕ್ಷರೇ ಸೇರಿಸಿದ್ದ ಕೊನೆಯ ವಾಕ್ಯವನ್ನೂ ಎರಡು ಭಾಷೆಯಲ್ಲಿ ಹೇಳಿದರು. ಚಪ್ಪಾಳೆ ಬರಲಿಲ್ಲ. ಅತಿಥಿಯ ಮುಖದಲ್ಲಿ ನಗು ಹಾಗೇ ಇತ್ತು, ಆದರೆ ಅವರು ಪೇಟವನ್ನು ತೆಗೆದು ಹಣ್ಣಿನ ಬುಟ್ಟಿಯ ಮೇಲೆ ಇಟ್ಟರು.

ಭಾಷಣಕ್ಕೆ ನಿಂತ ಅಧ್ಯಕ್ಷರು ಆದರ್ಶಪುರುಷನನ್ನು ಬಿಟ್ಟುಬಿಟ್ಟರು. ಬರೆದುಕೊಂಡಿದ್ದ ಭಾಷಣದಲ್ಲಿ ಅವನನ್ನು ತೆಗೆದರೆ ಉಳಿಯುವುದು ವಂದನೆಗಳು ಮಾತ್ರ. ಹಾಗಾಗಿ ವಂದನೆ ಹೇಳಿದರು, ಎರಡು ಸಲ. ಕರಾವಳಿಯ ಬಂಧುಗಳಿಗೆ ವಿಶೇಷವಾಗಿ ಹೇಳಿದರು. ಬಂಧುಗಳು ಎದ್ದು ಹೋಗಲಿಲ್ಲ. ಊಟ ಮಾಡಿದರು, ಊಟ ಚೆನ್ನಾಗಿತ್ತು. ಅತಿಥಿ ಊಟಕ್ಕೆ ನಿಲ್ಲಲಿಲ್ಲ. ಹೊರಡುವ ಮೊದಲು ನಿರೂಪಕಿಯ ಹತ್ತಿರ ಹೋಗಿ, ತಮ್ಮ ಅಜ್ಜಿಯ ಕಡೆಯವರು ಐರ್ಲೆಂಡಿನಿಂದ ಬಂದ ಕ್ಯಾಥೊಲಿಕರೆಂದೂ, ಈ ಸಭೆಯಲ್ಲಿ ಅವರ ವಿಷಯ ಬರುತ್ತದೆಂದು ಎಣಿಸಿರಲಿಲ್ಲವೆಂದೂ ಹೇಳಿದರಂತೆ.

ಕುರ್ಚಿ ಮಡಚುವ ಹೊತ್ತಿಗೆ ಅಧ್ಯಕ್ಷರು ನಿರೂಪಕಿಯನ್ನು ಹುಡುಕಿಕೊಂಡು ಬಂದರು. ನಾನು ಬ್ಯಾನರ್ ಬಿಚ್ಚುತ್ತಿದ್ದೆ.

"ಏನ್ ಮೇಡಂ ಇದು, ನನ್ ಮಾನ ತೆಗ್ದುಬಿಟ್ರಲ್ಲ. ಒಂದ್ ಲೈನ್ ಸ್ಕಿಪ್ ಮಾಡೋಕಾಗ್ತಿರ್ಲಿಲ್ವಾ?"

"ಯಾವ ಲೈನ್ ಸರ್?"

"ಅದೇ... ಆ ಲೈನು."

"ಹೋರಾಡಿದರು ಅಂತ ಇತ್ತಲ್ಲ, ಅದಾ? ಒಳ್ಳೆ ಲೈನ್ ಅದು."

"ಜೋಕ್ ಮಾಡ್ಬೇಡಿ. ಟಿಕೆಟ್ ಹೋಯ್ತು ಅಂದ್ರೆ ಗೊತ್ತಾ ನಿಮ್ಗೆ?"

"ಗೊತ್ತುಂಟು. ನಾನು ಅಡಿಲೇಡಿನಲ್ಲಿ ಸಮಿತಿಗೆ ಅರ್ಜಿ ಹಾಕಿದ್ದೆ, ನಿಮಗೆ ನೆನಪಿಲ್ಲ. ಐದು ವರ್ಷ ಅಂದಿದ್ರಿ ನೀವು. ಈ ಮನುಷ್ಯ ಇಪ್ಪತ್ತೊಂದು ಅಂದ. ಲೆಕ್ಕಕ್ಕೆ ನೀವೇ ಒಳ್ಳೆಯವರು ಬಿಡಿ ಸರ್."

ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಬ್ಯಾನರ್ ಸುತ್ತುವುದನ್ನು ಮುಂದುವರಿಸಿದೆ.

"ಅದು ನಾನು ತಂದಿದ್ದಲ್ಲ," ಎಂದರು. "ಸಮಿತಿ ತಂದಿದ್ದು."

ಈ ಉತ್ತರವನ್ನು ನಾನು ಲೈಬ್ರರಿಯಲ್ಲಿ ಕುಳಿತು ಅಮೆರಿಕದ ಪತ್ರಿಕೆಗಳಲ್ಲಿ ಬೇರೆ ಬೇರೆ ರೂಪದಲ್ಲಿ ಓದಿದ್ದೆ. ಓದಿದಾಗ ಅಂಥವನಿಗೆ ವಿಶೇಷ ನೀಚತನ ಬೇಕಾಗುತ್ತದೆ ಎಂದುಕೊಂಡಿದ್ದೆ. ಬೇಕಾಗುವುದಿಲ್ಲ. ಸಭೆಯ ಮಧ್ಯದ ಕುರ್ಚಿಯ ಮೇಲೆ ಕಣ್ಣಿದ್ದರೆ ಸಾಕು. ಉಳಿದದ್ದನ್ನು ಕೈ ಎತ್ತುವವರು ಒದಗಿಸುತ್ತಾರೆ. ಅಡಿಲೇಡಿನಲ್ಲಿ ಕೈ ಎತ್ತಿದವರು ಯಾರೂ ಕೆಟ್ಟವರಾಗಿರಲಿಲ್ಲ, ಅಮೆರಿಕದಲ್ಲಿ ಅವನಿಗೆ ಮತ ಹಾಕಿದವರೂ ಹಾಗೇ ಇರಬೇಕು. ಆ ದಿನ ಮನೆಗೆ ಹೋಗುವ ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ಸರ್ವೋದಲ್ಲಿ ನಿಂತಾಗ ಹೆಂಡತಿ ಕೇಳಿದಳು, "ಆ ಫೋಟೋ ಏನ್ ಮಾಡಿದ್ರು?" ಸಭಾಂಗಣದ ಸಾಮಾನು ಕೋಣೆಯಲ್ಲಿ ಪಿಂಗ್‌ಪಾಂಗ್ ಮೇಜಿನ ಹಿಂದೆ ಇಟ್ಟಿದ್ದರು. ಹಾರ ತೆಗೆದು ಭುವನೇಶ್ವರಿಗೆ ಹಾಕಿದ್ದರು.

ಡಿಸೆಂಬರ್‌ನಲ್ಲಿ ಪಕ್ಷದ ಟಿಕೆಟ್ ಬೇರೊಬ್ಬರಿಗೆ ಸಿಕ್ಕಿತು. ಕಾರಣವನ್ನು ಸಮಿತಿ ಹೇಳಲಿಲ್ಲ. ಜನವರಿಯ ಸರ್ವಸದಸ್ಯರ ಸಭೆಯಲ್ಲಿ, ಇನ್ನು ಮುಂದೆ ವೇದಿಕೆಯಲ್ಲಿ ಯಾರ ಪರಿಚಯವನ್ನೂ ಇಂಗ್ಲಿಷಿಗೆ ಅನುವಾದಿಸಬಾರದೆಂದು ಅಧ್ಯಕ್ಷರು ಮಂಡಿಸಿದ ಠರಾವು ಪಾಸಾಯಿತು. ಅದರ ವಿರುದ್ಧ ನಿರೂಪಕಿ ಕೈ ಎತ್ತಿದರು. ನಾನೂ ಎತ್ತಿದೆ.

ಕಳೆದ ಭಾನುವಾರ ಅಧ್ಯಕ್ಷರು ಇನ್ನೊಂದು ಪಕ್ಷದ ಸದಸ್ಯತ್ವ ಪಡೆದ ಫೋಟೋವನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ. ಆ ಪಕ್ಷದ ಟಿಕೆಟ್ ಇನ್ನೂ ತೀರ್ಮಾನವಾಗಿಲ್ಲ.